ಅಡುಗೆಮನೆಯಿಂದ ಕೇಳಿದ್ದು, ಹಾಲ್‌ಗೆ ಬಂದು ನೋಡಿದ್ದು

ನಮ್ಮ ಅಮ್ಮ ಸಿನಿಮಾ ನೋಡುವುದಿಲ್ಲ, ಕೇಳುತ್ತಾರೆ. ಹಾಲ್‌ನಲ್ಲಿ ಟಿವಿ ಓಡುತ್ತಿರುತ್ತದೆ, ಅವರು ಅಡುಗೆಮನೆಯಲ್ಲಿ ಹುರುಳಿಕಾಯಿ ಮುರಿಯುತ್ತಾ ಮಾತಿನ ಮೇಲೇ ಕಥೆ ಕಟ್ಟಿಕೊಳ್ಳುತ್ತಾರೆ. ನಡುವೆ 'ಈಗ ಅತ್ತಿದ್ದು ಯಾರು?' ಅಂತ ಒಂದು ಕೂಗು ಬರುತ್ತದೆ. ಮದುವೆಯಾಗಿ ಹದಿನಾರು ವರ್ಷಕ್ಕೆ ನಾನೂ ಅರ್ಧಕ್ಕರ್ಧ ಹಾಗೇ ಆಗಿದ್ದೆ. ಎಷ್ಟೋ ಸಿನಿಮಾದಲ್ಲಿ ವಿಲನ್ ಮುಖ ಹೇಗಿದೆ ಅಂತಲೇ ಗೊತ್ತಿಲ್ಲ ನನಗೆ. ಧ್ವನಿ ಮಾತ್ರ ಗೊತ್ತು.

ಹೋದ ತಿಂಗಳು ಒಂದು ವಾರಾಂತ್ಯ ಮನೆಯವರು ಊರಿಗೆ ಹೋಗಿದ್ದರು. ಮನೆಯಲ್ಲಿ ಉಳಿದಿದ್ದು ನಾನು, ಅಮ್ಮ, ಒಂಬತ್ತನೇ ಕ್ಲಾಸಿನ ಮಗಳು. ದಿನಕ್ಕೊಂದು ಕನ್ನಡ ಸಿನಿಮಾ, ಮೂವರೂ ಹಾಲ್‌ನಲ್ಲೇ ಕೂತು ನೋಡುವುದು ಅಂತ ತೀರ್ಮಾನ ಮಾಡಿದೆ. ಅನ್ನ, ಸಾರು ಸಂಜೆ ಆರಕ್ಕೇ ಮುಗಿಸಿಬಿಡಬೇಕು. ಮೊಬೈಲ್ ಫ್ರಿಡ್ಜ್ ಮೇಲಿರಬೇಕು. ಸಿನಿಮಾ ನಡುವೆ ನಿಲ್ಲಿಸಲು ಯಾರು ಪಾಸ್ ಒತ್ತಿದರೂ ಗೋಡೆ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಒಂದು ಗೆರೆ. ಗೆರೆಯ ಐಡಿಯಾ ಮಗಳದ್ದು. ಅವಳಿಗೆ ಅಜ್ಜಿ ಮೇಲೆ ಅನುಮಾನವಿತ್ತು.

ಶುಕ್ರವಾರಕ್ಕೆ 'ಪುಷ್ಪಕ ವಿಮಾನ' ಹಾಕಿದೆ. 1987ರದ್ದು, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಕಮಲ್ ಹಾಸನ್, ಅಮಲಾ. ನಮ್ಮ ಬೆಂಗಳೂರಲ್ಲೇ ತೆಗೆದ ಸಿನಿಮಾ. ಉದ್ದಕ್ಕೂ ಒಂದೇ ಒಂದು ಸಂಭಾಷಣೆ ಇಲ್ಲ. ನಾನು ಇದನ್ನು ಮೊದಲು ಇಟ್ಟಿದ್ದಕ್ಕೆ ಕಾರಣವೇ ಅದು. ಅಮ್ಮ ಎಂದಿನಂತೆ 'ನೀವು ಶುರು ಮಾಡಿ, ಬಂದೆ' ಅಂದು ಒಳಗೆ ಹೋದರು. ಹತ್ತು ನಿಮಿಷ ಆಯಿತು. 'ಏನೇ, ಸೌಂಡ್ ಬರ್ತಿಲ್ವಾ?' ಅಂದರು. ಮಾತೇ ಇಲ್ಲಮ್ಮ ಅಂದೆ. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಕುರ್ಚಿ ತುದಿಗೆ ಕೂತರು. ಭಿಕ್ಷುಕ ತನ್ನ ನೋಟಿನ ಗಂಟು ತೋರಿಸಿ ಮೆರೆಯುವ ಹೊತ್ತಿಗೆ ಕಾಲು ಮೇಲೆತ್ತಿ ಚಕ್ಕಂಬಕ್ಕಳ ಹಾಕಿಬಿಟ್ಟಿದ್ದರು.

ಮಾತಿಲ್ಲ ಅಂದರೆ ಸದ್ದಿಲ್ಲ ಅಂತಲ್ಲ. ನಾಯಕ ಇರುವುದು ಸಿನಿಮಾ ಟಾಕೀಸಿನ ಪಕ್ಕದ ವಠಾರದಲ್ಲಿ. ಶ್ರೀಮಂತನೊಬ್ಬನನ್ನು ಕಟ್ಟಿಹಾಕಿ ಅವನ ದೊಡ್ಡ ಹೋಟೆಲ್ ರೂಮು ಸೇರಿಕೊಳ್ಳುತ್ತಾನೆ, ಆದರೆ ಅಲ್ಲಿನ ನಿಶ್ಶಬ್ದಕ್ಕೆ ನಿದ್ದೆಯೇ ಬರುವುದಿಲ್ಲ. ಕೊನೆಗೆ ಆ ಟಾಕೀಸಿನ ಗಲಾಟೆಯನ್ನು ಟೇಪಿಗೆ ತುಂಬಿಸಿಕೊಂಡು ಬಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಅಮ್ಮ ನಕ್ಕಿದ್ದು ಅಷ್ಟಿಷ್ಟಲ್ಲ. ಸೀರಿಯಲ್ ಹಾಕಿಟ್ಟು ಮಧ್ಯಾಹ್ನ ನಿದ್ದೆ ಮಾಡುವವರು ಅವರೇ ಅಲ್ವಾ!

ಒಂದು ಮಾತು ಹೇಳಲೇಬೇಕು. ಕಾಲೇಜಲ್ಲಿದ್ದಾಗ ನೋಡಿದಾಗ ಆ ಕಟ್ಟಿಹಾಕಿದ ಮನುಷ್ಯನ ಬಗ್ಗೆ ನನಗೆ ಏನೂ ಅನ್ನಿಸಿರಲಿಲ್ಲ. ಈ ಸಲ ಸ್ವಲ್ಪ ಕಸಿವಿಸಿ ಆಯಿತು. ನಗುವೇನೋ ಬರುತ್ತದೆ, ಆದರೆ ಮಧ್ಯೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವನ ಮಲವನ್ನು ಗಿಫ್ಟ್ ಡಬ್ಬಿಯಲ್ಲಿ ಕಟ್ಟಿ ಸಾಗಿಸುವ ಪ್ರಸಂಗವಂತೂ ಊಟವಾದ ಮೇಲೆ ನೋಡಬಾರದು. ಕ್ಯಾಲೆಂಡರ್ ಮೇಲೆ ಗೆರೆ ಒಂದೇ. ಅದೂ ಹಾಲು ಉಕ್ಕಿತು ಅಂತ ನಾನೇ ಓಡಿದ್ದಕ್ಕೆ.

ಶನಿವಾರ 'ತಿಥಿ'. ಇದಕ್ಕೆ ಗೆರೆ ಏಳು. ಏಳೂ ಅಮ್ಮನವೇ. ಆದರೆ ಬೇಜಾರಾಗಿ ಅಲ್ಲ.

ಅಮ್ಮ ಮಂಡ್ಯ ಕಡೆಯವರು. ಈ ಸಿನಿಮಾ ನಡೆಯುವುದೂ ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಬರವಣಿಗೆ, ನಟಿಸಿದವರು ಹಳ್ಳಿಯ ಜನರೇ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಬಂದಿತ್ತು. ನಾನು ಇದನ್ನೆಲ್ಲ ಮಗಳಿಗೆ ಹೇಳುತ್ತಿದ್ದರೆ ಅಮ್ಮನಿಗೆ ಅದು ಬೇಕಿರಲಿಲ್ಲ. 101 ವರ್ಷದ ಸೆಂಚುರಿ ಗೌಡ ದಾರಿ ಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಯ್ಯುತ್ತಾನಲ್ಲ, ಅಲ್ಲೇ ಮೊದಲ ಪಾಸ್. 'ನಮ್ ದೊಡ್ಡಪ್ಪನೂ ಹಿಂಗೇ ಕಣವ್ವ, ಜಗಲಿ ಮೇಲೆ ಕುಂತು ಊರಿಗೆಲ್ಲ ಬಯ್ಯೋನು.' ಮೈಸೂರಿಗೆ ಬಂದು ನಲವತ್ತು ವರ್ಷ ಆದರೂ ಆ 'ಕಣವ್ವ' ಎಲ್ಲೋ ಉಳಿದುಕೊಂಡಿತ್ತು ನೋಡಿ. ಆಮೇಲೆ ಜಮೀನು ಮಾರಬೇಕೆಂದು ಮೊಮ್ಮಗ ತಮ್ಮಣ್ಣ ಕಾಗದಪತ್ರಕ್ಕೆ ಅಲೆಯುವಾಗ ಇನ್ನೊಂದು ಪಾಸ್, ನಮ್ಮ ತಾತನ ಆಸ್ತಿ ಪಾಲಾದ ಕಥೆ. ಸಾಲ ಮಾಡಿ ಊರಿಗೆಲ್ಲ ಊಟ ಹಾಕುವ ಕಡೆ ಇನ್ನೊಂದು. ಎರಡು ಗಂಟೆಯ ಸಿನಿಮಾ ನಮ್ಮ ಮನೆಯಲ್ಲಿ ಮೂರೂಕಾಲು ಗಂಟೆ ಓಡಿತು.

ನಾನು ನಗದ ಜಾಗದಲ್ಲೆಲ್ಲ ಅಮ್ಮ ನಗುತ್ತಿದ್ದರು. ಮಗಳು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ಇಬ್ಬರಿಗಿಂತ ಎರಡು ಸೆಕೆಂಡು ತಡವಾಗಿ ನಗುತ್ತಿದ್ದಳು. ಕನ್ನಡ ಸಿನಿಮಾಕ್ಕೆ ಮೈಸೂರಿನ ಹುಡುಗಿಗೆ ಸಬ್‌ಟೈಟಲ್! ಬೈಯೋಣ ಅಂದುಕೊಂಡೆ. ಆದರೆ ಒಂದೆರಡು ಕಡೆ ನಾನೂ ಕದ್ದು ಓದಿದ್ದೆ, ಸುಮ್ಮನಾದೆ.

ಅಮ್ಮ ಪಾಸ್ ಒತ್ತದ ಜಾಗ ಒಂದಿದೆ. ಸೆಂಚುರಿ ಗೌಡನ ಮಗ ಗಡ್ಡಪ್ಪ ರಾತ್ರಿ ಬೆಂಕಿ ಮುಂದೆ ಕೂತು ಕುರಿ ಕಾಯುವವರಿಗೆ ತನ್ನ ಹಳೇ ಕಥೆ ಹೇಳುತ್ತಾನೆ. ಅಲ್ಲಿಯವರೆಗೆ ಕುಡಿದು ಅಲೆಯುವ ಮುದುಕ ಅಂತ ನಗುತ್ತಿದ್ದೆವು. ಅವನು ಹೇಳಿ ಮುಗಿಸಿದ ಮೇಲೆ ನಮ್ಮ ಹಾಲ್‌ನಲ್ಲೂ ಯಾರೂ ಮಾತಾಡಲಿಲ್ಲ. ಏನು ಹೇಳಿದ ಅಂತ ಬರೆಯುವುದಿಲ್ಲ, ನೀವೇ ನೋಡಿ.

ಭಾನುವಾರ ಮಧ್ಯಾಹ್ನ 'ಬೆಳದಿಂಗಳ ಬಾಲೆ'. 1995, ಸುನಿಲ್ ಕುಮಾರ್ ದೇಸಾಯಿ, ಯಂಡಮೂರಿಯವರ ತೆಲುಗು ಕಾದಂಬರಿ ಆಧರಿಸಿದ್ದು. ಅನಂತ್ ನಾಗ್ ಚೆಸ್ ಆಟಗಾರ ರೇವಂತ್. ಒಬ್ಬಳು ಹುಡುಗಿ ಫೋನಿನಲ್ಲಿ ಮಾತಾಡುತ್ತಾಳೆ, ತಾನು ಯಾರು ಅಂತ ಹೇಳುವುದಿಲ್ಲ, ಒಗಟು ಬಿಡಿಸಿ ಹುಡುಕು ಅನ್ನುತ್ತಾಳೆ. ಅವಳ ಮುಖ ಕೊನೆವರೆಗೂ ನಮಗೆ ಕಾಣುವುದಿಲ್ಲ. 'ಟ್ರೂಕಾಲರ್ ಇದ್ದಿದ್ರೆ ಎರಡು ನಿಮಿಷಕ್ಕೆ ಮುಗೀತಿತ್ತು' ಅಂದಳು ಮಗಳು. ಲ್ಯಾಂಡ್‌ಲೈನ್ ಕಾಲದಲ್ಲಿ ಫೋನ್ ಬಂದರೆ ಎತ್ತುವವರೆಗೂ ಯಾರು ಅಂತ ಗೊತ್ತಾಗುತ್ತಿರಲಿಲ್ಲ ಎಂದು ವಿವರಿಸಿದೆ. ಅವಳಿಗೆ ಅದು ಭಯದ ಸಿನಿಮಾದ ಕಥೆಯ ಹಾಗೆ ಕೇಳಿಸಿತು.

ನನ್ನ ಅಭಿಪ್ರಾಯ ಕೇಳಿದರೆ, ಮೂರರಲ್ಲಿ ಜಾಸ್ತಿ ಹಳತಾಗಿರುವುದು ಇದೇ. ಕೆಲವು ಕಡೆ ಎಳೆದಿದ್ದಾರೆ ಅನ್ನಿಸಿತು. ಆದರೆ ಅನಂತ್ ನಾಗ್ ರಿಸೀವರ್ ಹಿಡಿದು ಸುಮ್ಮನೆ ಕೇಳುತ್ತಾರಲ್ಲ, ಆ ಮುಖ ನೋಡುತ್ತಾ ಕೂರಬಹುದು. ಎದುರಿಗೆ ಯಾರೂ ಇಲ್ಲ, ಬರೀ ಒಂದು ಧ್ವನಿ. ಅಷ್ಟಕ್ಕೇ ಪ್ರೀತಿ ಹುಟ್ಟಿದ್ದನ್ನು ನಂಬಿಸಿಬಿಡುತ್ತಾರೆ. ಗೆರೆ ಮೂರು.

ಅವತ್ತೇ ರಾತ್ರಿ ಆಸೆಗೆ ಬಿದ್ದು ಇತ್ತೀಚಿನ ಒಂದು ಭಾರೀ ಬಜೆಟ್ಟಿನ ಸಿನಿಮಾ ಹಾಕಿದೆವು. ಹೆಸರು ಬೇಡ. ಗುಂಡು, ಧೂಳು, ಹೊಗೆ. ಸದ್ದಿಗೆ ಹೆದರಿ ಮಾತಿಗೆ ಜಾಸ್ತಿ, ಫೈಟಿಗೆ ಕಮ್ಮಿ ಅಂತ ರಿಮೋಟ್ ಹಿಡಿದುಕೊಂಡೇ ಕೂತಿದ್ದೆ. ನಲವತ್ತು ನಿಮಿಷಕ್ಕೆ ಮಗಳು ಫ್ರಿಡ್ಜ್ ಮೇಲಿಂದ ಮೊಬೈಲ್ ಎತ್ತಿಕೊಂಡಳು. ಅಮ್ಮ ಯಾವಾಗ ಎದ್ದು ಹೋದರೋ ಗೊತ್ತಾಗಲಿಲ್ಲ. ಒಳಗಿಂದ ಬೆಳ್ಳುಳ್ಳಿ ಜಜ್ಜುವ ಸದ್ದು ಬಂತು. ಅದಕ್ಕೆ ಗೆರೆ ಹಾಕಲಿಲ್ಲ, ಪಾಸ್ ಒತ್ತಿದ್ದನ್ನು ಯಾರೂ ಮತ್ತೆ ಬಿಡಲೇ ಇಲ್ಲವಲ್ಲ.

ಸೋಮವಾರ ಬೆಳಿಗ್ಗೆ ನಾನು ಟಿಫನ್ ಬಾಕ್ಸ್ ಕಟ್ಟುತ್ತಿದ್ದೆ. ಅಮ್ಮ ಸೊಪ್ಪು ಬಿಡಿಸಲು ಕೂತಿದ್ದರು. ನನ್ನ ಮೊಬೈಲನ್ನು ಕಣ್ಣಲ್ಲೇ ತೋರಿಸಿದರು.

'ಆ ಫೋನ್ ಹುಡುಗಿ ಸಿನಿಮಾ ಇನ್ನೊಂದ್ಸಲ ಹಾಕು. ನೋಡೋದೇನೂ ಬೇಡ, ಕೇಳ್ತೀನಿ.'