ಚೆಕ್ ಕೊಟ್ಟ ದಿನವೇ ದುಡ್ಡು ಹೋಯಿತು ಅಂತ ಬರೆದುಕೊಳ್ಳಿ

ಮುಂಬಯಿಯಲ್ಲಿ ವಡಾಪಾವ್‌ಗೂ ಫೋನಿನಲ್ಲೇ ದುಡ್ಡು ಕೊಡುತ್ತೇವೆ. ಆದರೂ ಚೆಕ್ ಪುಸ್ತಕ ಇನ್ನೂ ಡ್ರಾಯರ್ ಬಿಟ್ಟು ಹೋಗಿಲ್ಲ. ಸೊಸೈಟಿಯ ಮೆಂಟೆನೆನ್ಸಿಗೆ ಚೆಕ್, ವಾಶಿ ಮಾರ್ಕೆಟ್ಟಿನ ಅಕ್ಕಿ ವ್ಯಾಪಾರಿಗೆ ಚೆಕ್. ಬಾಡಿಗೆಗೆ ಮನೆ ಹಿಡಿದರೆ, ಹನ್ನೊಂದು ತಿಂಗಳ ಅಗ್ರಿಮೆಂಟಿನ ಜೊತೆ ಮುಂದಿನ ತಾರೀಕಿನ ಚೆಕ್ಕುಗಳನ್ನೂ ಕೇಳುವ ಮಾಲೀಕರು ಈಗಲೂ ಇದ್ದಾರೆ. ನಾನು ಮಾಟುಂಗ, ವಡಾಲ ಕಡೆಯ ನಾಲ್ಕಾರು ಹೋಟೆಲುಗಳ ಲೆಕ್ಕ ಬರೆಯುವವನು. ಊರಿಂದ ಬಂದು ಹೊಸದಾಗಿ ಗಲ್ಲಾದಲ್ಲಿ ಕೂತ ಹುಡುಗರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರೆಯುವ ಕೆಲಸ ಸುಲಭ. ಮೊದಲು ಮೇಲಿನ ಚೌಕಗಳಲ್ಲಿ ತಾರೀಕು. ಆ ತಾರೀಕಿನಿಂದ ಮೂರು ತಿಂಗಳು ಚೆಕ್ಕಿಗೆ ಜೀವ. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್‌ನಿಂದ ಮೂರಾಯಿತು. ಆಮೇಲೆ ಹೆಸರು. ಅಂಗಡಿಯ ಬೋರ್ಡಿನಲ್ಲಿರುವ ಹೆಸರಲ್ಲ, ಬ್ಯಾಂಕ್ ಖಾತೆಯಲ್ಲಿರುವ ಹೆಸರು. ವ್ಯಾಪಾರಿಯ ಬಿಲ್ ನೋಡಿ ಅಕ್ಷರ ಅಕ್ಷರ ಇಳಿಸಿಕೊಳ್ಳಿ. ಹೆಸರಿನ ಮುಂದೆ ಜಾಗ ಉಳಿದರೆ ಗೆರೆ ಎಳೆಯಿರಿ. ಮೊತ್ತವನ್ನು ಎಡಗಡೆಯ ಅಂಚಿಗೇ ಒತ್ತಿ ಶುರು ಮಾಡಿ. ಅಂಕಿಯ ಚೌಕದಲ್ಲಿ 8,500 ಅಂತ ಮಧ್ಯದಲ್ಲಿ ಬರೆದರೆ, ಅದರ ಹಿಂದೆ ಒಂದು 1 ಸೇರಿಸಲು ಯಾರಿಗೂ ಕಷ್ಟವಿಲ್ಲ. ಅಂಕಿ ಮುಗಿದಲ್ಲಿ ಗೀಟು, ಅಕ್ಷರ ಮುಗಿದಲ್ಲಿ ‘ಮಾತ್ರ’.

ಕನ್ನಡದಲ್ಲಿ ಬರೆಯಬಹುದಾ ಅಂತ ಕೆಲವರು ಕೇಳುತ್ತಾರೆ. ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ರಾಜ್ಯದ ಭಾಷೆಯಲ್ಲಿ ಬರೆಯಬಹುದು. ಇಲ್ಲಿ ಅಂದರೆ ಮರಾಠಿ. ಊರಿನ ಶಾಖೆಗೆ ಹೋದಾಗ ಕನ್ನಡದ ಆಸೆ ತೀರಿಸಿಕೊಳ್ಳಿ.

ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ನಡುವೆ ‘ಅಕೌಂಟ್ ಪೇಯೀ’ ಎಂದು ಬರೆದರೆ ಹಣ ಆ ಹೆಸರಿನವರ ಖಾತೆಗೇ ಹೋಗಬೇಕು. ‘ಬೇರರ್’, ಅಂದರೆ ತಂದವರಿಗೆ ದುಡ್ಡು ಕೊಡಿ, ಎಂಬ ಪದವನ್ನೂ ಹೊಡೆದುಹಾಕಿ. ತಪ್ಪು ಬಿದ್ದರೆ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೆಯ ಅಭ್ಯಾಸ ಬಿಡಿ. ಈಗ ಬ್ಯಾಂಕಿನಿಂದ ಬ್ಯಾಂಕಿಗೆ ಕಾಗದ ಹೋಗುವುದಿಲ್ಲ, ಅದರ ಫೋಟೋ ಮಾತ್ರ ಹೋಗುತ್ತದೆ. ಹೆಸರು, ಮೊತ್ತ ತಿದ್ದಿದ ಚೆಕ್ ವಾಪಸ್ ಬರುತ್ತದೆ. ಹೊಸ ಹಾಳೆ ಬರೆಯಿರಿ, ಹಳೆಯದನ್ನು ‘ಕ್ಯಾನ್ಸಲ್’ ಎಂದು ಬರೆದು ಪುಸ್ತಕದಲ್ಲೇ ಇಟ್ಟುಕೊಳ್ಳಿ. ಕೆಳಗಿನ ಬಿಳಿ ಪಟ್ಟಿಯ ಮೇಲೆ ಪೆನ್ನು, ಸೀಲು, ಪಿನ್ನು ಏನೂ ತಾಗಬಾರದು. 50,000 ಅಥವಾ ಅದಕ್ಕಿಂತ ಜಾಸ್ತಿ ಮೊತ್ತವಾದರೆ ಚೆಕ್ಕಿನ ನಂಬರು, ತಾರೀಕು, ಹೆಸರು, ಮೊತ್ತವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ‘ಪಾಸಿಟಿವ್ ಪೇ’ಗೆ (ಚೆಕ್ ಬರುವ ಮೊದಲೇ ಬ್ಯಾಂಕಿಗೆ ವಿವರ ತಿಳಿಸುವ ಏರ್ಪಾಡು) ತುಂಬಿಸಿಬಿಡಿ. 5 ಲಕ್ಷ ದಾಟಿದರೆ ಇದನ್ನು ಕಡ್ಡಾಯ ಮಾಡಿದ ಬ್ಯಾಂಕುಗಳೂ ಇವೆ.

ಇಷ್ಟನ್ನು ಯಾರಾದರೂ ಕಲಿಯುತ್ತಾರೆ. ಎಡವುವುದು ಬ್ಯಾಲೆನ್ಸಿನಲ್ಲಿ.

ಒಂದು ಲೆಕ್ಕ ನೋಡಿ. ತಿಂಗಳ ಮೂರನೇ ತಾರೀಕು ಆ್ಯಪ್ 84,200 ತೋರಿಸುತ್ತಿದೆ. ಮೊನ್ನೆ ಬಾಡಿಗೆಗೆ ಕೊಟ್ಟ 28,000ದ ಚೆಕ್ ಮಾಲೀಕ ಇನ್ನೂ ಹಾಕಿಲ್ಲ. ಸೊಸೈಟಿಯ 4,650 ಅವರ ಪೆಟ್ಟಿಗೆಯಲ್ಲಿದೆ. ಅಕ್ಕಿಯವನಿಗೆ 31,500 ಕೊಟ್ಟಾಗಿದೆ. ಉಳಿದದ್ದು 20,050. ಐದನೇ ತಾರೀಕಿಗೆ ಸ್ಕೂಟರ್ ಸಾಲದ ಮತ್ತು ಫ್ರಿಜ್ಜಿನ ಕಂತು ಸೇರಿ 14,300. ಈಗ 5,750. ಖಾತೆಗೆ 5,000 ಮಿನಿಮಮ್ ಬ್ಯಾಲೆನ್ಸ್ ಬೇಕು. ಅಂದರೆ 84,200 ಕಾಣುವ ಖಾತೆಯಲ್ಲಿ ನಿಮ್ಮದು ಅಂತ ಇರುವುದು 750, ಮಾರಾಯ್ರೇ! ಆ 84,200 ನೋಡಿಯೇ ಹೊಸ ಮಿಕ್ಸಿಗೆ ಅಡ್ವಾನ್ಸ್ ಕೊಡುತ್ತಾರೆ.

ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ ಇಡಿ. ಚೆಕ್ಕಿನ ನಂಬರು, ಯಾರಿಗೆ, ಎಷ್ಟು, ಕಳೆದು ಉಳಿದದ್ದೆಷ್ಟು. ಚೆಕ್ ಕೈ ಬಿಟ್ಟ ಗಳಿಗೆಯಲ್ಲೇ ಕಳೆಯಿರಿ, ಬ್ಯಾಂಕ್ ಕಳೆಯಲಿ ಅಂತ ಕಾಯಬೇಡಿ. ಪಾಸಾದದ್ದಕ್ಕೆ ಒಂದು ಟಿಕ್. ಟಿಕ್ ಇಲ್ಲದ್ದೆಲ್ಲ ಇನ್ನೂ ಬರಬೇಕಾದ ಅತಿಥಿಗಳು.

ಮೊದಲಿನ ಕಾಲದ ಹೋಟೆಲಿನವರು ‘ಇವತ್ತು ಚೆಕ್ ಕೊಡೋಣ, ನಾಳೆ ಸಂಜೆಯ ಗಲ್ಲಾ ಕಟ್ಟೋಣ’ ಅಂತ ಆರಾಮಾಗಿ ನಡೆಸುತ್ತಿದ್ದರು. ಚೆಕ್ ಪಾಸಾಗಲು ಒಂದೆರಡು ದಿನ ಬೇಕಿತ್ತು. ಆ ಸಂದು ಮುಚ್ಚಿಹೋಗಿದೆ. 2025ರ ಅಕ್ಟೋಬರ್ 4ರಿಂದ ಬ್ಯಾಂಕುಗಳು ಚೆಕ್ಕುಗಳನ್ನು ಬಂದ ಹಾಗೇ ಸ್ಕ್ಯಾನ್ ಮಾಡಿ ಕಳಿಸುತ್ತವೆ. ಬೆಳಿಗ್ಗೆ ಹಾಕಿದ್ದು ಅದೇ ದಿನ ನಿಮ್ಮ ಖಾತೆಗೆ ಬಂದು ಬಾಗಿಲು ಬಡಿಯಬಹುದು. ದುಡ್ಡು ಇಲ್ಲದಿದ್ದರೆ ಚೆಕ್ಕಿನ ಮೇಲೆ ಇವತ್ತಿನ ತಾರೀಕು ಹಾಕಲೇಬೇಡಿ.

ಭಾನುವಾರ ಬೇರೆಯೇ ತರಲೆ. ಚೆಕ್ ಕ್ಲಿಯರಿಂಗ್‌ಗೆ ಅವತ್ತು ರಜೆ. ಸಾಲದ ಕಂತಿಗೆ ರಜೆ ಇಲ್ಲ, 2021ರ ಆಗಸ್ಟ್ 1ರಿಂದ ಅದು ವಾರದ ಏಳೂ ದಿನ ಕಟ್ಟಾಗಬಹುದು. ಸೋಮವಾರದ ಚೆಕ್ಕಿಗೆ ಇಟ್ಟ ದುಡ್ಡನ್ನು ಭಾನುವಾರದ ಕಂತು ತಿಂದು ಹೋಗುತ್ತದೆ. ಹಾಗೇ, ಬೇರೆಯವರು ನಿಮಗೆ ಕೊಟ್ಟ ಚೆಕ್ ಹಾಕಿದ ಕೂಡಲೇ ಅದು ನಿಮ್ಮ ದುಡ್ಡಲ್ಲ. ‘ಅವೈಲೆಬಲ್ ಬ್ಯಾಲೆನ್ಸ್’ ಅಂತ ಇರುವ ಅಂಕಿಯನ್ನೇ ನಂಬಿ.

ದುಡ್ಡು ಸಾಲದು ಅಂತ ಮೊದಲೇ ಗೊತ್ತಾದರೆ ಫೋನ್ ಮಾಡಿ. ‘ಅಣ್ಣಾ, ಗುರುವಾರದವರೆಗೆ ಚೆಕ್ ಹಾಕಬೇಡಿ’ ಅಂದರೆ ಎಷ್ಟೋ ವ್ಯಾಪಾರಿಗಳು ಎರಡು ಮಾತು ಬೈದು ಒಪ್ಪುತ್ತಾರೆ. ಹೇಳದೆ ಬೌನ್ಸ್ ಆದರೆ ಬ್ಯಾಂಕಿನ ದಂಡ ಬೇರೆ, ಅದರ ಮೇಲೆ ಜಿಎಸ್‌ಟಿ ಬೇರೆ, ಮುಂದಿನ ಸಲ ಉದ್ರಿ ಇಲ್ಲ. ಚೆಕ್ಕಿಗೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ‘ಸ್ಟಾಪ್ ಪೇಮೆಂಟ್’ ಕೊಟ್ಟು ತಪ್ಪಿಸಿಕೊಳ್ಳೋಣ ಅಂತ ಹೇಳಿಕೊಡುವ ಜಾಣರ ಮಾತು ಕೇಳಬೇಡಿ. ಕೊಡಬೇಕಾದ ಬಾಕಿ ಇದ್ದರೆ ಅದಕ್ಕೂ ಕೇಸು ಬೀಳುತ್ತದೆ.

ಆ ಕೇಸೇ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಬೌನ್ಸ್ ಆದ ಮರುದಿನವೇ ಪೊಲೀಸರು ಬರುವುದಿಲ್ಲ, ಹೆದರಬೇಡಿ. ಚೆಕ್ ವಾಪಸಾದದ್ದು ಬ್ಯಾಂಕಿನಿಂದ ಗೊತ್ತಾದ 30 ದಿನದೊಳಗೆ ಚೆಕ್ ಪಡೆದವರು ನಿಮಗೆ ನೋಟಿಸ್ ಕಳಿಸಬೇಕು. ನೋಟಿಸ್ ಕೈಗೆ ಬಂದ ಮೇಲೆ ನಿಮಗೆ 15 ದಿನ. ಅಷ್ಟರೊಳಗೆ ಪೂರ್ತಿ ಮೊತ್ತ ಕಟ್ಟಿದರೆ ಆ ಕೇಸು ನಿಲ್ಲುವುದಿಲ್ಲ. ನಗದು ಕೊಡಬೇಡಿ, ಎನ್‌ಇಎಫ್‌ಟಿ ಮಾಡಿ. ಇಂಥ ನಂಬರಿನ ಚೆಕ್ಕಿನ ಹಣ ಬಂತು ಅಂತ ಅವರಿಂದ ಎರಡು ಸಾಲು ಬರೆಸಿಕೊಳ್ಳಿ, ಹಳೆಯ ಚೆಕ್ಕನ್ನೂ ಮರೆಯದೆ ವಾಪಸ್ ಇಸ್ಕೊಳ್ಳಿ.