ಅಪ್ಪಯ್ಯನನ್ನು ಬರೆದಿಟ್ಟ ಬಗೆ

ಅಪ್ಪಯ್ಯ ತೀರಿಕೊಂಡ ಮೇಲೆ ಅವರ ಬದುಕನ್ನು ಮೊಮ್ಮಕ್ಕಳಿಗಾಗಿ ಬರೆದಿಡಲು ಕೂತೆ. ಮಕ್ಕಳು ಕಂಡದ್ದು ಜಗಲಿಯಲ್ಲಿ ಎಲೆಯಡಿಕೆ ಕವಳ ಹಾಕುತ್ತಾ ಕೂತಿರುತ್ತಿದ್ದ ಅಜ್ಜನನ್ನು ಮಾತ್ರ. ಬೋಳುಗುಡ್ಡದ ಕೆಳಗೆ ಅಡಿಕೆ ತೋಟ ಎಬ್ಬಿಸಿದ ಅಜ್ಜನೂ ಅವರಿಗೆ ಸಿಗಬೇಕಿತ್ತು.

ಯಾರ ಹತ್ತಿರವೂ ನಾನು ಅವರ ಗುಣ ಕೇಳಲಿಲ್ಲ, ಕೆಲಸ ಕೇಳಿದೆ. 'ಒಳ್ಳೆಯ ಮನುಷ್ಯ' ಎಂಬ ಮಾತು ಯಾರಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ? ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಿದ್ದ ನಮ್ಮ ಹಳೇ ಕೊನೆಗೌಡರ ಬಳಿ ಹೋಗಿ, 'ಅಡಿಕೆ ಕೊಳೆರೋಗದ ಮದ್ದು ಯಾರು ಕಲಸ್ತಿದ್ರು?' ಅಂದೆ. ಅವರು ಕವಳ ಉಗಿದು ಬಂದು ಸರಿಯಾಗಿ ಕೂತರು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರು. ಕಲಸಿದ ಮೇಲೆ ಅಪ್ಪಯ್ಯ ಕಬ್ಬಿಣದ ಚೂರಿ ಅದ್ದಿ ನೋಡುತ್ತಿದ್ದರಂತೆ. ಚೂರಿ ಕೆಂಪಾದರೆ ಸುಣ್ಣ ಸಾಲದು. ಇನ್ನಷ್ಟು ಹಾಕಬೇಕು, ಮತ್ತೆ ಅದ್ದಬೇಕು. ಮಳೆ ಕವಿಯುತ್ತಿದ್ದರೂ ಸರಿ, ಚೂರಿ ಒಪ್ಪದೆ ಯಾರನ್ನೂ ಮರ ಹತ್ತಿಸುತ್ತಿರಲಿಲ್ಲ. ನನ್ನ ಅಪ್ಪಯ್ಯ ಎಂಥವರು ಎಂದು ಹೇಳಲು ನನಗೆ ಇದಕ್ಕಿಂತ ಚೆನ್ನಾದ ಮಾತು ಸಿಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ.

ಮುಳುಗಡೆಯ ಕತೆಗೆ ಸೋದರತ್ತೆಯೇ ಗತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿಯ ಹಿನ್ನೀರು ನಮ್ಮ ಹಳೇ ಮನೆಯನ್ನೂ ತೋಟವನ್ನೂ ನುಂಗಿತು. ಸುಮ್ನೆ 'ಆಗ ಏನಾಯ್ತು?' ಅಂದರೆ ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಿದ್ದರು. ಅದಕ್ಕೇ 'ಅತ್ತೆ, ಬಚ್ಚಲುಮನೆ ಯಾವ ಕಡೆಗಿತ್ತು?' ಎಂದು ಕೇಳಿದೆ. ಪೆನ್ಸಿಲ್ ತಗೊಂಡು ಮನೆಯನ್ನೇ ಬಿಡಿಸಿಬಿಟ್ಟರು. ಬಚ್ಚಲು, ಕೊಟ್ಟಿಗೆ, ಬಾವಿ, ಅಂಗಳದ ಅಡಿಕೆ ಚಪ್ಪರ. ಕೈ ಓಡುತ್ತಿದ್ದಂತೆ ಮಾತೂ ಬಂತು. ಹರೆಯದ ಅಪ್ಪಯ್ಯ ಬಾಗಿಲ ದಾರಂದ, ಹಂಚು ಎಲ್ಲ ಬಿಚ್ಚಿ ಗಾಡಿಗೆ ಏರಿಸಿದ್ದು, ತುಂಬಿದ ಫಸಲಿನ ಮರಗಳನ್ನು ಹಾಗೇ ಬಿಟ್ಟು ಬಂದದ್ದು. ಆ ನೀರಿನಲ್ಲಿ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಎದ್ದು ಕಾಣುತ್ತದೆ. ಅತ್ತೆ ಅದರಿಂದಲೇ ದಿಕ್ಕು ಹಿಡಿದು ನಮ್ಮ ಮನೆಯ ಜಾಗ ಗುರುತು ಮಾಡಿದರು. ಆ ಚಿತ್ರ ಪುಸ್ತಕದ ನಡುವಿನ ಎರಡು ಪುಟ ತುಂಬಿದೆ.

ಫೋಟೋಗಳ ಬಗ್ಗೆ ಇಷ್ಟು ಹೇಳಬಹುದು. ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆಯಿರಿ. ಬಾಲ್ ಪೆನ್ ಒತ್ತಿದರೆ ಮುಂಬದಿಯಲ್ಲಿ ಅಚ್ಚು ಮೂಡುತ್ತದೆ. ಗಾಜಿಗೆ ಅಂಟಿದ ಫೋಟೋ ಕೀಳಲು ಹೋಗಬೇಡಿ. ಗಾಜಿನ ಮೇಲಿಂದಲೇ, ಬೆಳಕು ಹೊಳೆಯದ ಹಾಗೆ ಓರೆ ಹಿಡಿದು, ಮೊಬೈಲಿನಲ್ಲಿ ತೆಗೆಯಿರಿ.

ಎಲ್ಲರ ಮಾತನ್ನೂ ರೆಕಾರ್ಡ್ ಮಾಡಿಟ್ಟಿದ್ದೇನೆ. ತಂಗಿಯ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇದೆ. ಪುಸ್ತಕದ ಕೊನೆಗೆ ಖಾಲಿ ಹಾಳೆ ಬಿಟ್ಟಿದ್ದೇನೆ. ಅಪ್ಪಯ್ಯನ ಮದುವೆ ದಿಬ್ಬಣದ ವಿಷಯ ಇನ್ನೂ ಬಾಕಿ. ಅತ್ತೆಗೆ ಈಗ ಕಿವಿ ಮಂದವಾಗುತ್ತಿದೆ, ದೀಪಾವಳಿಗೆ ಹೋದಾಗ ಹತ್ತಿರ ಕೂತು ಕೇಳಬೇಕು.