ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ನೋಡುವುದು ಹೇಗೆ?

ಪ್ರಯೋಗಾಲಯದಲ್ಲಿ ಮಕ್ಕಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ‘ಏನೂ ಕಾಣುವುದಿಲ್ಲ’ ಎಂದು ಮುಖ ಸಪ್ಪಗೆ ಮಾಡಿಕೊಂಡು ಏಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬೇರನ್ನು ಕತ್ತರಿಸಿದ ಜಾಗ ಮತ್ತು ಒತ್ತಿದ ರೀತಿ, ಕೆಲಸ ಕೆಡುವುದು ಈ ಎರಡರಲ್ಲೇ.

ಒಣಬೇರು ಕೆರೆದ ಈರುಳ್ಳಿಯ ಬುಡ ನೀರಿಗೆ ತಾಗುವಂತೆ ಲೋಟದ ಮೇಲೆ ಕೂರಿಸಿ. ಬೇರು ಎರಡು ಸೆಂಟಿಮೀಟರ್ ಇಳಿದಾಗ ಬೆಳಗಿನ ಹೊತ್ತು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರಾವಣದಲ್ಲಿ 24 ಗಂಟೆ ಇಡಿ. ಕೋಶಗಳು ಇದ್ದ ಹಂತದಲ್ಲೇ ನಿಂತುಬಿಡುತ್ತವೆ.

ಮರುದಿನ ತೊಳೆದು, 60 ಡಿಗ್ರಿ ಬಿಸಿಯ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ. ಪಕ್ಕದಲ್ಲಿ ಶಿಕ್ಷಕರು ಇರಲೇಬೇಕು. ಸಮಯ ಉಳಿಸಲು ಇದನ್ನು ಬಿಡುವವರಿದ್ದಾರೆ, ಬಿಡಬೇಡಿ. ಕೋಶಗಳನ್ನು ಅಂಟಿಸಿರುವ ಪದರ ಕರಗದಿದ್ದರೆ ಅವು ಬಿಡಿಯಾಗುವುದಿಲ್ಲ.

ಈಗ ಮತ್ತೆ ತೊಳೆದು, ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಇಟ್ಟುಕೊಳ್ಳಿ. ಅದಕ್ಕಿಂತ ಮೇಲಿನ ಕೋಶಗಳು ಉದ್ದವಾಗುತ್ತವೆಯೇ ಹೊರತು ವಿಭಜನೆಯಾಗುವುದಿಲ್ಲ. ಸ್ಲೈಡಿನ ಮೇಲೆ ಅಸಿಟೋಕಾರ್ಮೈನ್ ಎಂಬ ಬಣ್ಣದ ಹನಿಯಲ್ಲಿ ತುದಿ ಕಡುಗೆಂಪಾಗಲಿ. ಗಸಿ ಕಟ್ಟಿದ ಹಳೆಯ ಬಣ್ಣವಾದರೆ ಸೋಸಿಕೊಳ್ಳಿ. ಕವರ್ ಸ್ಲಿಪ್ ಗಾಜಿನದೇ ಇರಲಿ, ಪ್ಲಾಸ್ಟಿಕ್ಕಿನದು ಬಾಗುತ್ತದೆ. ಅದನ್ನು ಮುಚ್ಚಿ, ಪೆನ್ಸಿಲ್ ಹಿಂಬದಿಯಿಂದ ಹಗುರವಾಗಿ ತಟ್ಟಿ. ಒಳಗಿನ ಚುಕ್ಕೆ ಮಂಜಿನಂತೆ ಹರಡುತ್ತದೆ. ಮೇಲೆ ಮಡಿಸಿದ ಒತ್ತುಕಾಗದ ಇಟ್ಟು, ಹೆಬ್ಬೆರಳನ್ನು ನೇರವಾಗಿ ಕೆಳಕ್ಕೆ ಒತ್ತಿ. ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದರೂ ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ. ಆ ಸ್ಲೈಡನ್ನು ಬಿಟ್ಟು ಹೊಸದನ್ನು ಮಾಡಿ.

ಮೊದಲು 10, ಆಮೇಲೆ 40ರ ಮಸೂರ. ಹೆಚ್ಚಿನ ಕೋಶಗಳಲ್ಲಿ ದುಂಡನೆಯ ಕೋಶಕೇಂದ್ರವಷ್ಟೇ ಕಾಣುತ್ತದೆ, ನಿರಾಶರಾಗಬೇಡಿ. ನಿಧಾನವಾಗಿ ಸ್ಲೈಡ್ ಸರಿಸುತ್ತ ಹೋಗಿ. ಒಂದರಲ್ಲಿ ನೂಲಿನ ಉಂಡೆ, ಇನ್ನೊಂದರಲ್ಲಿ ನಡುವೆ ಸಾಲುಗಟ್ಟಿದ, ಆನುವಂಶಿಕ ಗುಣ ಹೊತ್ತ ವರ್ಣತಂತುಗಳು, ಮತ್ತೊಂದರಲ್ಲಿ ಎರಡು ತುದಿಗೆ ಸರಿಯುತ್ತಿರುವ ಎರಡು ಗುಂಪುಗಳು. ಈರುಳ್ಳಿಯ ವರ್ಣತಂತುಗಳು 16. ಹುಟ್ಟುವ ಎರಡೂ ಕೋಶಗಳಿಗೆ 16 ಸಿಗುತ್ತವೆ. ಬೇರು ಬೆಳೆಯುವುದು ಹೀಗೆ. ಮಗುವಿನ ತರಚಿದ ಮಂಡಿಯಲ್ಲಿ ಹೊಸ ಚರ್ಮ ಮೂಡುವುದೂ ಇದೇ ಬಗೆಯ ವಿಭಜನೆಯಿಂದ.

ಸಂಖ್ಯೆ 8ಕ್ಕೆ ಇಳಿಯುವ ಮಿಯಾಸಿಸ್ ಎಂಬ ವಿಭಜನೆಯನ್ನು ಬೇರಿನಲ್ಲಿ ಹುಡುಕಬೇಡಿ. ಅದಕ್ಕೆ ಅರಳದ ಈರುಳ್ಳಿ ಮೊಗ್ಗಿನ ಪರಾಗಕೋಶ ಬೇಕು. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕದೆ ಉಳಿದ ಬೇರುಗಳನ್ನು 70 ಶೇಕಡ ಆಲ್ಕೋಹಾಲಿನಲ್ಲಿ ತಣ್ಣಗೆ ಇಟ್ಟರೆ, ಮುಂದಿನ ಸ್ಲೈಡಿಗೆ ಮತ್ತೆ ಈರುಳ್ಳಿ ಬೇರು ಬಿಡುವುದನ್ನು ಕಾಯಬೇಕಿಲ್ಲ.